ಇಡ್ಲಿ ಪಾತ್ರೆಯಲ್ಲಿ ಊರಿಗೆ ಹೊರಟ ಆಮೆ

ಬಾವಿಯ ಆಮೆ ಸತ್ತುಹೋಯಿತು ಅಂತ ಊರಿನಿಂದ ಅಣ್ಣ ಚೆನ್ನಯ ಫೋನ್ ಮಾಡಿದ ದಿನ ನನಗೆ ಊಟ ಸೇರಲಿಲ್ಲ. ನೀವು ನಗಬಹುದು. ಆದರೆ ನಮ್ಮ ಉಡುಪಿ ಕಡೆ ಬಾವಿಗೆ ಆಮೆ ಬಿಡುವುದು ಅಜ್ಜನ ಕಾಲದಿಂದ ಬಂದದ್ದು. ಹುಳಹುಪ್ಪಟೆ ತಿಂದು ನೀರು ಚೊಕ್ಕ ಇಡ್ತದೆ ಅಂತ ನಂಬಿಕೆ. ಆಮೆ ಇಲ್ಲದ ಬಾವಿ ನಮಗೆ ಬಾವಿಯೇ ಅಲ್ಲ.

"ಊರಲ್ಲಿ ಹುಡುಕಿ ಸಾಕಾಯ್ತು ವಸಂತಿ, ಒಂದೂ ಸಿಗುವುದಿಲ್ಲ. ನಿನ್ನ ಹತ್ತಿರ ಒಂದು ಉಂಟಲ್ಲ, ಅದನ್ನೇ ತಗೊಂಡು ಬಾ" ಅಂದ ಅಣ್ಣ.

ಹೌದು, ಉಂಟು. ಮುಂಬೈಯ ಘಾಟ್ಕೋಪರ್‌ನಲ್ಲಿ ನಮ್ಮ ಯಜಮಾನರದ್ದು ಸಣ್ಣ ಹೋಟೆಲು, ಮೇಲೆಯೇ ನಮ್ಮ ಮನೆ. ಮದುವೆಯಾದ ಹೊಸತರಲ್ಲಿ ಇವರು ಪೇಟೆಯಿಂದ ಒಂದು ಪುಟ್ಟ ಹಸಿರು ಆಮೆ ತಂದು ಕೊಟ್ಟಿದ್ದರು. ನಾಣ್ಯದಷ್ಟಿತ್ತು. ಬನ್ಸ್ ಅಂತ ಹೆಸರಿಟ್ಟೆ. ತಿಂದು ತಿಂದು ಈಗ ಊಟದ ತಟ್ಟೆಯಷ್ಟಾಗಿದೆ. ಟಬ್ಬಿನಲ್ಲಿ ತಿರುಗಲಿಕ್ಕೂ ಜಾಗ ಇಲ್ಲ ಪಾಪ. ಬಾವಿಯಲ್ಲಾದರೂ ಹಾಯಾಗಿರಲಿ ಅಂತ ನಾನೂ ಒಪ್ಪಿದೆ.

ಕುರ್ಲಾದಿಂದ ಮಧ್ಯಾಹ್ನದ ರೈಲು. ಹೋಟೆಲಿನ ಹಳೇ ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ತೂತು ಮಾಡಿ, ಒದ್ದೆ ಬಟ್ಟೆ ಹಾಸಿ, ಬನ್ಸ್‌ನನ್ನು ಕೂರಿಸಿದೆ. ಅಷ್ಟರಲ್ಲಿ ಶ್ರೇಯಾ ಬಂದಳು. ಇವಳು ಇವರ ತಮ್ಮನ ಮಗಳು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದ್ತಾಳೆ, ರಜೆಯಲ್ಲಿ ಗಾಯಗೊಂಡ ಪ್ರಾಣಿಗಳನ್ನು ಕಾಪಾಡುವ ಸಂಸ್ಥೆಗೆ ಹೋಗ್ತಾಳೆ. ಕನ್ನಡಕ್ಕಿಂತ ಹಿಂದಿ ಜಾಸ್ತಿ. ಊರಿಗೆ ತಿಂಡಿ ಇರಬೇಕು ಅಂದುಕೊಂಡು ಪಾತ್ರೆಯ ಮುಚ್ಚಳ ತೆಗೆದದ್ದೇ ತಡ, ಕಿಟಾರನೆ ಕಿರುಚಿದಳು.

"ಎಂತ ಮಾರಾಯ್ತಿ, ನನ್ನ ಎದೆ ಒಡೆಯಿತು!" ಅಂದೆ.

"ದೊಡ್ಡಮ್ಮ, ರುಕೋ, ನಿಲ್ಲಿ! ಬನ್ಸ್ ಎಲ್ಲಿಗೆ?"

"ಊರಿಗೆ. ಬಾವಿಗೆ ಬಿಡ್ಲಿಕ್ಕೆ."

"ಬಾವಿಗಾ? ಕುಡಿಯುವ ನೀರಿನ ಬಾವಿಗಾ?"

"ಆಮೆ ನೀರಲ್ಲಿ ಅಲ್ಲದೆ ಮತ್ತೆಲ್ಲಿ, ಅಟ್ಟದ ಮೇಲೆ ಇರ್ತದಾ?"

ಅವಳು ಬನ್ಸ್‌ನನ್ನು ಎತ್ತಿ ಹಿಡಿದಳು. "ಕಣ್ಣಿನ ಹಿಂದೆ ನೋಡಿ, ಕೆಂಪು ಪಟ್ಟೆ. ಇದು ನಮ್ಮ ದೇಶದ ಆಮೆಯೇ ಅಲ್ಲ. ಇದರ ಊರು ಅಮೆರಿಕ. ಮರಿ ಇರುವಾಗ ಚಂದ ಅಂತ ಮಾರ್ತಾರೆ, ದೊಡ್ಡದಾದ ಮೇಲೆ ಜನ ಕೆರೆಗೆ ಬಿಡ್ತಾರೆ. ಅಲ್ಲಿಗೆ ಕೆರೆಯ ಕಥೆ ಮುಗೀತು."

ನನಗೆ ಸಿಟ್ಟು ಬಂತು. ಆ ಕೆಂಪು ಪಟ್ಟೆಯನ್ನು ಕುಂಕುಮ ಇಟ್ಟ ಹಾಗಿದೆ ಅಂತ ಇಷ್ಟು ವರ್ಷ ಮುದ್ದು ಮಾಡಿದವಳು ನಾನು.

"ಏನೇ ನಿನ್ನ ಮಾತು! ನಾವೂ ಉಡುಪಿ ಬಿಟ್ಟು ಮುಂಬೈಗೆ ಬಂದವರೇ. ನಮ್ಮಿಂದ ಮುಂಬೈ ಕೆಟ್ಟುಹೋಯ್ತಾ? ಈ ಬಾಯಿಲ್ಲದ ಪ್ರಾಣಿ ಬೇರೆ ಊರಿಗೆ ಹೋದರೆ ಮಾತ್ರ ತಪ್ಪಾ?"

ಇವರು ಪೇಪರಿನಿಂದ ತಲೆ ಎತ್ತಿದರು. "ಹಾಂ, ಇದಕ್ಕೆ ಹೇಳು ಉತ್ತರ" ಅಂದರು.

ಶ್ರೇಯಾ ನಗಲಿಲ್ಲ. "ದೊಡ್ಡಮ್ಮ, ಮನುಷ್ಯರೆಲ್ಲ ಒಂದೇ ಜಾತಿಯ ಜೀವ. ನೀವು ಬಂದು ಇಲ್ಲಿಯವರ ತಟ್ಟೆಗೆ ಇಡ್ಲಿ ಹಾಕಿದಿರಿ. ಬನ್ಸ್ ಹೋದರೆ ಅಲ್ಲಿಯವರ ತಟ್ಟೆ ಖಾಲಿ ಮಾಡ್ತದೆ. ಮೀನು, ಕಪ್ಪೆ, ಗೊದಮೊಟ್ಟೆ ಎಲ್ಲ ತಿಂತದೆ. ಅಮೆರಿಕದಲ್ಲಿ ಇದರ ಮೊಟ್ಟೆ, ಮರಿ ತಿನ್ನುವ ಪ್ರಾಣಿ ಬೇಕಾದಷ್ಟು ಉಂಟು, ಲೆಕ್ಕ ಸರಿಹೋಗ್ತದೆ. ನಮ್ಮಲ್ಲಿ ಇದನ್ನು ತಡೆಯುವವರು ಕಡಿಮೆ."

"ಮೀನಿಗೇನು ಬರಗಾಲ? ಇಲ್ಲಿಲ್ಲದಿದ್ದರೆ ಇನ್ನೊಂದು ಕಡೆ ಇರ್ತದೆ" ಅಂದರು ಇವರು.

"ದೊಡ್ಡಪ್ಪ, ನಿಮ್ಮ ಹೋಟೆಲಿಗೆ ಎಷ್ಟು ಬ್ರಾಂಚ್?"

"ಇದೊಂದೇ."

"ಇದು ಮುಚ್ಚಿದರೆ?"

"ಎಲ್ಲ ಮುಚ್ಚಿದ ಹಾಗೆ."

"ಅಷ್ಟೇ ವಿಷಯ. ಕಾಗೆಗೆ ದೇಶದ ತುಂಬ ಬ್ರಾಂಚ್ ಉಂಟು. ಆದರೆ ನಮ್ಮ ಘಟ್ಟದ ಎಷ್ಟೋ ಕಪ್ಪೆಗೆ, ಮೀನಿಗೆ ಇರುವುದು ಒಂದೇ ಬ್ರಾಂಚ್. ಒಂದು ಗುಡ್ಡ, ಇಲ್ಲ ಒಂದೆರಡು ಹೊಳೆ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅಲ್ಲಿ ಹೋದರೆ ಹೋದದ್ದೇ. ಯಾವ ಜೀವ ಎಲ್ಲೆಲ್ಲಿ ಉಂಟು ಅಂತ ಗೊತ್ತಿಲ್ಲದಿದ್ದರೆ ಯಾವುದನ್ನು ಮೊದಲು ಉಳಿಸಬೇಕು ಅಂತ ಹೇಗೆ ಗೊತ್ತಾಗ್ತದೆ?"

ಇವರು ಪೇಪರು ಮಡಚಿಟ್ಟರು. ನಾನು ಅಷ್ಟಕ್ಕೆ ಬಿಡುವವಳಲ್ಲ. "ಇದು ಹೋಗುವುದು ಬಾವಿಗೆ, ಹೊಳೆಗಲ್ಲ. ಅದೂ ಒಂದೇ ಒಂದು. ಒಂದು ಆಮೆಯಿಂದ ಏನಾಗ್ತದೆ? ನಿಲ್ಲು, ಅಣ್ಣನನ್ನೇ ಕೇಳುವ" ಅಂತ ವಿಡಿಯೋ ಕಾಲ್ ಹಚ್ಚಿದೆ.

ಅಣ್ಣ ಗದ್ದೆಯಲ್ಲಿದ್ದ. ವಿಷಯ ಕೇಳಿ ನಕ್ಕ. "ಕೆಂಪು ಪಟ್ಟೆಯದ್ದಾ? ಅದು ಇಲ್ಲಿ ನಮ್ಮ ಕೆರೆಯಲ್ಲೇ ಉಂಟಲ್ಲ! ಆಚೆಮನೆಯ ಸಂತು, ಅಲ್ಲೇ ಮುಂಬೈಯ ಬೈಕುಲ್ಲಾದಲ್ಲಿದ್ದಾನಲ್ಲ, ಅವನು ಹಿಂದೆ ಒಂದು ಜೋಡಿ ತಂದು ಬಿಟ್ಟಿದ್ದ. ನೋಡು, ತೋರಿಸ್ತೇನೆ."

ಫೋನ್ ಕೆರೆಯ ಕಡೆ ತಿರುಗಿತು. ನೀರಿನ ನಡುವೆ ಒಂದು ಹಾಸುಗಲ್ಲು. ಚಿಕ್ಕವರಿರುವಾಗ ನಾವು ಅದರ ಮೇಲೆ ನಮ್ಮೂರಿನ ಕರಿ ಆಮೆಗಳು ಬಿಸಿಲು ಕಾಯುವುದನ್ನು ನೋಡ್ತಿದ್ದೆವು. ಈಗ ಕಲ್ಲಿನ ಮೇಲೆ ಒಂದರ ಮೇಲೊಂದು ಹತ್ತಿ ಕೂತದ್ದು ಎಲ್ಲ ಕೆಂಪು ಪಟ್ಟೆಯವು. ದೊಡ್ಡದು, ಸಣ್ಣದು, ಮರಿ.

"ಕರಿ ಆಮೆ ಎಲ್ಲಿ ಅಣ್ಣ?" ಅಂತ ಕೇಳಿದೆ.

"ಅದೇ ಹೇಳಿದ್ದಲ್ಲ, ಸಿಗುವುದಿಲ್ಲ ಅಂತ. ಈ ಮಳೆಗೆ ಕಪ್ಪೆಯೂ ಕೂಗಲಿಲ್ಲ. ಗದ್ದೆಗೆ ಹೊಡೆದ ಮದ್ದಿನಿಂದ ಅಂದುಕೊಂಡೆವು. ಇವು ಕೈ ಹಾಕಿದರೆ ಕಚ್ಚಲಿಕ್ಕೆ ಬರ್ತವೆ, ಅದಕ್ಕೆ ಸಾಕಿದ್ದೊಂದು ಇರಲಿ ಅಂತ ನಿನ್ನನ್ನು ಕೇಳಿದ್ದು…"

ಹೇಳ್ತಾ ಹೇಳ್ತಾ ಅವನಿಗೂ ವಿಷಯ ಹೊಳೆಯಿತು. ಫೋನ್ ತನ್ನ ಕಡೆ ತಿರುಗಿಸಿದ. ಅಯ್ಯೋ ದೇವರೇ! ಮುಂಬೈಯಿಂದ ಹೋದ ಆಮೆಯಿಂದ ಊರಿನ ಆಮೆಗೆ ಕೂರಲಿಕ್ಕೆ ಕಲ್ಲಿಲ್ಲ, ತಿನ್ನಲಿಕ್ಕೆ ಕೂಳಿಲ್ಲ. ಊರಿನ ಆಮೆ ಇಲ್ಲ ಅಂತ ನಾನು ಮುಂಬೈಯಿಂದ ಇನ್ನೊಂದು ಹೊರಡಿಸಿದ್ದೇನೆ!

"ಮಳೆಗಾಲದಲ್ಲಿ ನಿಮ್ಮ ಬಾವಿ ತುಂಬಿ ಹರಿಯುವುದಿಲ್ವಾ ಮಾಮ?" ಶ್ರೇಯಾ ಮೆಲ್ಲಗೆ ಕೇಳಿದಳು.

"ತುಂಬ್ತದೆ. ಪಕ್ಕದ ತೋಡಿಗೆ ಹರಿದು ಹೋಗ್ತದೆ. ತೋಡು ಹೊಳೆಗೆ." ಅಣ್ಣ ತಲೆ ಮೇಲೆ ಕೈ ಇಟ್ಟುಕೊಂಡ.

"ಹೊಟ್ಟೆ ಕೆಡಿಸುವ ರೋಗಾಣು ಆಮೆಯ ಮೈಮೇಲೆ ಇರ್ತದೆ. ಯಾವ ಆಮೆಯೂ ಕುಡಿಯುವ ನೀರಿಗೆ ಬೇಡ. ನಮ್ಮ ಕಾಡಿನ ಆಮೆ ಹಿಡಿದು ತರುವುದಂತೂ ಕಾನೂನಿನಲ್ಲೇ ಅಪರಾಧ. ಬಾವಿಗೆ ಬಲೆ ಮುಚ್ಚಿ, ಪಂಚಾಯತಿಯವರನ್ನು ಕೇಳಿ ಬ್ಲೀಚಿಂಗ್ ಪುಡಿ ಹಾಕಿ. ಕೆರೆಯ ವಿಷಯ ಅರಣ್ಯ ಇಲಾಖೆಗೆ ತಿಳಿಸಿ" ಅಂದಳು ಶ್ರೇಯಾ.

"ಇವತ್ತೇ ಹೋಗ್ತೇನೆ" ಅಂದ ಅಣ್ಣ. ಇವರು ಎದ್ದು ಪಾತ್ರೆಯಿಂದ ಬನ್ಸ್‌ನನ್ನು ತೆಗೆದು ಟಬ್ಬಿಗೆ ಬಿಟ್ಟರು. "ಹೋಟೆಲಿನ ಹಿಂದೆ ದೊಡ್ಡ ತೊಟ್ಟಿ ಕಟ್ಟಿಸ್ತೇನೆ. ತಂದವನು ನಾನು, ನೋಡಿಕೊಳ್ಳುವವನೂ ನಾನೇ" ಅಂದರು.

ನಾನು ಊರಿಗೆ ಹೋದೆ, ಖಾಲಿ ಪಾತ್ರೆ ಹಿಡಿದುಕೊಂಡು. ಮರುದಿನ ಸಂಜೆ ಕೆರೆ ದಂಡೆಯಲ್ಲಿ ಕೂತೆ. ಮಳೆ ಸುರಿದು ನಿಂತಿತ್ತು. ಒಂದು ಕಪ್ಪೆ ಕೂಗಲಿ ಅಂತ ಕಿವಿ ಕೊಟ್ಟು ಕೂತೆ. ಕತ್ತಲಾದರೂ ಏನೂ ಕೇಳಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಪೇಟೆಯಲ್ಲಿ ಪುಟ್ಟ ಆಮೆ ಚಂದ ಕಂಡರೆ ಕಣ್ಣಲ್ಲೇ ನೋಡಿ ಮುಂದೆ ಹೋಗಿ. ಈಗಾಗಲೇ ಮನೆಯಲ್ಲಿದ್ದರೆ ಕೊನೆಯವರೆಗೆ ನೀವೇ ಸಾಕಿ. ಆಗದಿದ್ದರೆ ಅರಣ್ಯ ಇಲಾಖೆಗೋ ಪ್ರಾಣಿ ರಕ್ಷಣೆಯವರಿಗೋ ಫೋನ್ ಮಾಡಿ. ಕೆರೆಗೆ, ಹೊಳೆಗೆ, ದೇವಸ್ಥಾನದ ಕಲ್ಯಾಣಿಗೆ ದಯವಿಟ್ಟು ಬಿಡಬೇಡಿ, ಅದು ಪುಣ್ಯ ಅಲ್ಲ. ಊರಿಗೆ ಹೋದಾಗ ನಿಮ್ಮ ಕೆರೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಕಪ್ಪೆ ಕೂಗ್ತಾ ಇದ್ದರೆ ನೀವು ಪುಣ್ಯವಂತರು. ಅದು ಹಾಗೇ ಕೂಗ್ತಾ ಇರಲಿ.