ಎರಡಿಂಚಿನ ಮರ್ಯಾದೆ

ನಮ್ಮ ಟೈಲರ್ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ನನ್ನ ಗಂಡ ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ, ಇರುವುದಕ್ಕಿಂತ ಎರಡಿಂಚು ಕಡಿಮೆ ಮಾಡಿ ಗಟ್ಟಿಯಾಗಿ ಹೇಳುತ್ತಾರೆ. ಮೂಲೆಯ ಮೇಜಿನಲ್ಲಿ ಕೂತ ನಾನು ಕೇಳಿದ್ದಕ್ಕೆ ಎರಡು ಸೇರಿಸಿ ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಮೂವತ್ತೆಂಟು ಇಂಚಿನವರು ಮೂವತ್ತಾರು ಎಂದು ಕೇಳಿಸಿಕೊಂಡು, ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ, ಖುಷಿಯಾಗಿ ಹೋಗುತ್ತಾರೆ. ಬಟ್ಟೆಯೂ ಸರಿಯಾಗಿ ಕೂರುತ್ತದೆ. ಯಾರಾದರೂ ತಮ್ಮ ಅಳತೆ ಓದಿ ಎಂದರೆ ನಾನೂ ಎರಡು ಇಳಿಸಿಯೇ ಓದುತ್ತೇನೆ. ಇದಕ್ಕೆ ಸುಳ್ಳು ಅನ್ನಬೇಡಿ. ಇಪ್ಪತ್ತೆಂಟು ವರ್ಷದಿಂದ ನಾವು ಗಿರಾಕಿಗಳಿಗೆ ಕೊಡುತ್ತಿರುವ ಮರ್ಯಾದೆ ಇದು.

ನಮ್ಮವರಿಗೆ ಉಡುಪಿನ ಪುಸ್ತಕಗಳ ಹುಚ್ಚು. ಹೊಸ ಫ್ಯಾಶನ್ನಿನ ಪುಸ್ತಕ ಎಲ್ಲಿ ಕಂಡರೂ ತರುವುದು, ಓದುವುದು, ಬರೆದವರು ಜನ್ಮದಲ್ಲಿ ಒಂದು ಗುಂಡಿ ಹೊಲಿದಿಲ್ಲ ಎಂದು ಮೂಗು ಮುರಿಯುವುದು. ಹೀಗೇ ಮೂಗು ಮುರಿದೂ ಮುರಿದೂ ಒಂದು ದಿನ ತಾವೇ ಬರೆಯುತ್ತೇನೆ ಎಂದು ಹೊರಟರು. ಬರೆಯುತ್ತೇನೆ ಎಂದರೆ ಏನು, ಅವರು ಕತ್ತರಿ ಹಿಡಿದುಕೊಂಡು ಅಡ್ಡಾಡುತ್ತ ಹೇಳುವುದು, ನಾನು ಕೂತು ಬರೆಯುವುದು. ಯಾವ ಮೈಗೆ ಯಾವ ಕಾಲರು, ಯಾವ ತೋಳು, ಗೆರೆಯ ಬಟ್ಟೆ ಯಾರು ಹಾಕಬಾರದು, ಎಲ್ಲ ಆಯಿತು. ಕೊನೆಯಲ್ಲಿ ಕತ್ತರಿಸುವ ಅಳತೆಗಳ ಪಟ್ಟಿ. ಮುನ್ನುಡಿಯಲ್ಲಿ ಗುರುಗಳಿಗೆ ಕೃತಜ್ಞತೆ, ಹೊಲಿಗೆ ಯಂತ್ರಕ್ಕೆ ಕೃತಜ್ಞತೆ, ಇಸ್ತ್ರಿ ಪೆಟ್ಟಿಗೆಗೂ ಕೃತಜ್ಞತೆ. ಇಸ್ತ್ರಿ ಪೆಟ್ಟಿಗೆಯ ಉಪಕಾರವನ್ನು ನನ್ನ ಕೈಯಿಂದಲೇ ಬರೆಸಿದರು. ಇಷ್ಟೆಲ್ಲ ಬರೆದವಳ ಹೆಸರು ಎಲ್ಲೂ ಇರಲಿಲ್ಲ. ನಾನೂ ಬಾಯಿ ಹೊಲಿದುಕೊಂಡು ಕೂತೆ.

ಅವರಿಗೆ ಇದ್ದದ್ದು ಒಂದೇ ಆಸೆ. ನಾಲ್ಕು ಬೀದಿ ಆಚೆಯ ಹೊಲಿಗೆ ಶಾಲೆಯಲ್ಲಿ ತಮ್ಮ ಪುಸ್ತಕ ಪಾಠಕ್ಕೆ ಇಡಬೇಕು. ಹಿಂದೆ ಅಲ್ಲಿ ಕಲಿಸುವ ಕೆಲಸ ಕೇಳಲು ಹೋದಾಗ, ನೀವು ಯಾವ ಪರೀಕ್ಷೆ ಪಾಸು ಮಾಡಿದ್ದೀರಿ ಎಂದು ಕೇಳಿ ವಾಪಸ್ಸು ಕಳಿಸಿದ್ದರು. ಆ ಮಾತು ಅವರಿಗೆ ಇವತ್ತಿಗೂ ಚುಚ್ಚುತ್ತದೆ. ಆಗಿನವರು ಹೋಗಿ ಈಗ ಹೊಸ ಮೇಡಂ ಬಂದಿದ್ದಾರೆ. ಪುಸ್ತಕ ಅಚ್ಚಾದ ದಿನವೇ ಇವರು ಹೋಗಿ ಒಂದು ಪ್ರತಿ ಕೊಟ್ಟು ಬಂದರು. ಪಟ್ಟಿಯ ಪ್ರಕಾರ ತನಗೇ ಒಂದು ಸ್ಕರ್ಟು ಹೊಲಿದು, ಹುಡುಗಿಯರ ಮುಂದೆ ತೊಟ್ಟು ನೋಡುತ್ತೇನೆ, ಸರಿ ಕೂತರೆ ಪಾಠಕ್ಕೆ ಇಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದರಂತೆ ಮೇಡಂ. ಸೋಮವಾರ ಪರೀಕ್ಷೆ. ನಮ್ಮವರು ಸಿಳ್ಳೆ ಹಾಕುತ್ತ ಮನೆಗೆ ಬಂದರು.

ಭಾನುವಾರ ನನಗೂ ಆಸೆಯಾಯಿತು. ನಾನು ಬರೆದ ಪುಸ್ತಕ ನೋಡಿ ನನಗೊಂದು ಸ್ಕರ್ಟು ಕತ್ತರಿಸಿ ಹೊಲಿದೆ. ನನ್ನ ಸೊಂಟ ಮೂವತ್ತೆರಡು. ನನಗೆ ಯಾರೂ ಮರ್ಯಾದೆ ಕೊಟ್ಟಿಲ್ಲವಾದ್ದರಿಂದ ಅದು ನಿಜವಾದ ಮೂವತ್ತೆರಡು. ತೊಟ್ಟು, ಹುಕ್ಕು ಹಾಕಿ, ಕನ್ನಡಿಯ ಕಡೆ ಎರಡು ಹೆಜ್ಜೆ ಇಟ್ಟೆ. ಮೂರನೆಯ ಹೆಜ್ಜೆಗೆ ಸ್ಕರ್ಟು ಕಾಲ ಬುಡದಲ್ಲಿತ್ತು.

ಪಟ್ಟಿ ತೆಗೆದು ನೋಡಿದೆ. ಮೂವತ್ತೆರಡರ ಸೊಂಟಕ್ಕೆ, ಒಂದಿಂಚು ಸಡಿಲ ಬಿಟ್ಟು, ಸೊಂಟಪಟ್ಟಿ ಮೂವತ್ತಮೂರು ಇಂಚು ಇರಬೇಕಾದ ಕಡೆ ಮೂವತ್ತೈದು ಇತ್ತು. ಕೆಳಗಿನ ಸಾಲು ನೋಡಿದೆ, ಅಲ್ಲೂ ಎರಡು ಹೆಚ್ಚು. ಎಲ್ಲ ಸಾಲಿನಲ್ಲೂ ಎರಡು ಹೆಚ್ಚು. ಅವರು ಸೊಂಟಪಟ್ಟಿ ಎಂದು ಹೇಳಿದ ಕಡೆಯೆಲ್ಲ ನನ್ನ ಹಾಳು ಕೈ ತಾನಾಗಿ ಎರಡು ಸೇರಿಸಿಬಿಟ್ಟಿತ್ತು. ಅಚ್ಚಿಗೆ ಮುಂಚೆ ತಪ್ಪು ನೋಡಲಿಲ್ಲವೇ ಎಂದು ನೀವು ಕೇಳಬಹುದು. ನೋಡಿದ್ದೆವು. ನಾನು ಗಟ್ಟಿಯಾಗಿ ಓದಿದೆ, ಅವರು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು. ಓದುವಾಗ ನಾನು ಎರಡು ಇಳಿಸಿದ್ದೆನಲ್ಲ!

ಹೇಳಿಬಿಡೋಣ ಎಂದು ಅಂಗಡಿಗೆ ಹೋದೆ. ಅವರು ಪುಸ್ತಕದ ಹೊದಿಕೆಯನ್ನು ಎಳೆಮಗುವಿನ ಬೆನ್ನು ಸವರುವ ಹಾಗೆ ಸವರುತ್ತ ಕೂತಿದ್ದರು. ಏನು ಎಂದು ಕೇಳಿದರು. ನೂಲು ಬೇಕಿತ್ತು ಎಂದು, ಬೇಡದ ನೂಲಿನ ಉಂಡೆ ತೆಗೆದುಕೊಂಡು ಬಂದೆ. ಆಮೇಲೆ ಒಂದು ಹಾಳೆಯಲ್ಲಿ ಸರಿಯಾದ ಅಳತೆಗಳನ್ನೆಲ್ಲ ಬರೆದೆ. ಬೆಳಿಗ್ಗೆ ಮೇಡಂಗೆ ಕೊಟ್ಟು, ತಪ್ಪು ನನ್ನದು, ನಮ್ಮವರದಲ್ಲ ಎಂದು ಕಾಲಿಗೆ ಬೀಳುವುದಾದರೂ ಸರಿ ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಶಾಲೆಗೆ ಓಡೋಡಿ ಹೋದರೂ ತಡವಾಗಿತ್ತು. ಉದ್ದನೆಯ ಕೋಣೆ, ಎರಡು ಸಾಲು ಯಂತ್ರಗಳು, ನಡುವೆ ಹುಡುಗಿಯರು. ಮೇಡಂ ಒಳಗಿನಿಂದ ಆ ಸ್ಕರ್ಟು ತೊಟ್ಟು ಹೊರಗೆ ಬಂದೇಬಿಟ್ಟರು. ತುಂಬಿದ ಮೈಯ, ಬಿಗುಮುಖದ ಹೆಂಗಸು. ಇನ್ನು ಮೂರು ಹೆಜ್ಜೆ ಎಂದು ನಾನು ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ನಡೆದರು. ತಿರುಗಿದರು. ಕುರ್ಚಿಯಲ್ಲಿ ಕೂತರು, ಎದ್ದರು, ಬಗ್ಗಿ ನೆಲದ ಮೇಲಿನ ಚಾಕ್ ಎತ್ತಿಕೊಂಡರು. ಸ್ಕರ್ಟು ಒಂದು ಕೂದಲಿನಷ್ಟೂ ಅಲ್ಲಾಡಲಿಲ್ಲ.

ನನ್ನನ್ನು ಕಂಡು ಯಾರೆಂದು ಕೇಳಿದರು, ಪುಸ್ತಕ ಕೊಟ್ಟವರ ಹೆಂಡತಿ ಎಂದಾಗ ಹತ್ತಿರ ಕರೆದರು. ದನಿ ತಗ್ಗಿಸಿ ಹೇಳಿದರು: "ಇಲ್ಲಿ ಕಪಾಟು ತುಂಬ ಪುಸ್ತಕ ಇದೆಯಮ್ಮ. ಯಾವುದನ್ನ ನೋಡಿ ಹೊಲಿದರೂ ಉಸಿರು ಬಿಗಿ ಹಿಡ್ಕೊಂಡು ಓಡಾಡಬೇಕಿತ್ತು. ಇವತ್ತು ಮೊದಲನೇ ಸಲ ಆರಾಮಾಗಿ ಕೂತಿದ್ದೀನಿ. ನನ್ನ ಸೊಂಟ ಬರೀ ಮೂವತ್ನಾಲ್ಕು, ಅಷ್ಟಕ್ಕೆ ಸರಿಯಾಗಿ ಬರೆಯೋಕೆ ಆ ಕಪಾಟಿನ ಪುಸ್ತಕದವರಿಗೆ ಏನು ಕಷ್ಟ ಅಂತ."

ಮೇಜಿನ ಮೇಲಿದ್ದ ಟೇಪು ನೋಡಿದೆ, ಅವರ ಸೊಂಟ ನೋಡಿದೆ. ಇಪ್ಪತ್ತೆಂಟು ವರ್ಷ ಬೇರೆಯವರ ಅಳತೆ ಬರೆದ ಕಣ್ಣು ನನ್ನದು. ಮೂವತ್ತಾರಕ್ಕೆ ಒಂದು ದಾರವೂ ಕಡಿಮೆ ಇರಲಿಲ್ಲ. ತಮ್ಮ ಅಳತೆ ತಾವೇ ತೆಗೆಯುವಾಗ ಯಾರು ಹೊಟ್ಟೆ ಒಳಗೆ ಎಳೆದುಕೊಳ್ಳುವುದಿಲ್ಲ ಹೇಳಿ! ಕೈಯಲ್ಲಿದ್ದ ಹಾಳೆಯನ್ನು ನಾಲ್ಕಾಗಿ ಮಡಚಿ ಬ್ಲೌಸಿನೊಳಗೆ ಸೇರಿಸಿದೆ.

ಪುಸ್ತಕ ಪಾಠಕ್ಕೆ ಇಟ್ಟರು ಎಂಬ ಸುದ್ದಿ ಕೇಳಿ ನಮ್ಮವರು ಕೂತಲ್ಲೇ ಅತ್ತುಬಿಟ್ಟರು. ನೋಡಿದೆಯಾ ನನ್ನ ಲೆಕ್ಕಾಚಾರ, ನೋಡಿದೆಯಾ ನನ್ನ ಅಳತೆ ಎಂದು ಮೂರು ಸಲ ಹೇಳಿದರು. ಮೂರನೆಯ ಸಲಕ್ಕೆ ನನಗೆ ತಡೆಯಲಾಗಲಿಲ್ಲ. ಹಾಳೆ ತೆಗೆದು ಮುಂದಿಟ್ಟು ಎಲ್ಲ ಹೇಳಿದೆ.

ಓದಿದರು. ಪುಸ್ತಕ ತೆರೆದು ತಾಳೆ ನೋಡಿದರು. ಮುಖ ಸಪ್ಪಗಾಯಿತು. ಎದ್ದು ಹೋಗಿ ಯಂತ್ರದ ಮುಂದೆ ಕೂತು, ನೂಲಿಲ್ಲದೆ ಖಾಲಿ ಯಂತ್ರ ತುಳಿದರು. ಎರಡು ದಿನ ಗಿರಾಕಿಗಳ ಸೊಂಟದ ಅಳತೆಯನ್ನು ನನಗೆ ಹೇಳದೆ ತಾವೇ ಬರೆದುಕೊಂಡರು. ಬರೆದುಕೊಂಡರು ಎನ್ನಬೇಕು ಅಷ್ಟೆ, ಎರಡು ಸೇರಿಸುವುದನ್ನು ಮರೆತದ್ದಕ್ಕೆ ಒಬ್ಬರ ಪ್ಯಾಂಟು ಮಂಡಿಯಿಂದ ಮೇಲೆ ಹತ್ತಿದರೂ ಸೊಂಟದಲ್ಲಿ ಗುಂಡಿ ಕೂಡಲಿಲ್ಲ. ನಾನು ನಗಲಿಲ್ಲ. ಒಳಗೆ ಹೋಗಿ ನಕ್ಕೆ.

ಅಷ್ಟರಲ್ಲಿ ಶಾಲೆಯಿಂದ ಇನ್ನಷ್ಟು ಪ್ರತಿ ಬೇಕೆಂದು ಹೇಳಿಕಳಿಸಿದರು, ಮತ್ತೆ ಅಚ್ಚು ಹಾಕಿಸಬೇಕಾಯಿತು. ಪಟ್ಟಿ ತಿದ್ದಬೇಕೇ ಎಂದು ಮೆಲ್ಲಗೆ ಕೇಳಿದೆ. ಬೇಡ ಎಂದು ತಲೆಯಾಡಿಸಿದರು. ಹೊಸ ಹಾಳೆ ತೆಗೆದುಕೋ, ಮೊದಲ ಪುಟ ಬರಿ ಎಂದರು. ಪುಸ್ತಕದ ಹೆಸರು ಹೇಳಿದರು, ಬರೆದೆ. ಬರೆದವರು ಎಂದು ತಮ್ಮ ಹೆಸರು ಹೇಳಿದರು, ಬರೆದೆ. ಪೆನ್ನು ಮುಚ್ಚಿದೆ.

"ಯಾಕೆ ಮುಚ್ಚಿದೆ?"

"ನೀವು ಹೇಳಿದ್ದು ಅಷ್ಟೇ ಅಲ್ವೇನ್ರೀ."

ಅವರು ಕತ್ತರಿಯನ್ನು ಸುಮ್ಮನೆ ಒರೆಸುತ್ತಿದ್ದರು, ನನ್ನ ಕಡೆ ನೋಡಲಿಲ್ಲ. "ನಾನು ಹೇಳಿದ್ದನ್ನ ಹೇಳಿದ ಹಾಗೇ ಯಾವತ್ತು ಬರೆದಿದ್ದೀಯ ನೀನು? ಸೇರಿಸಬೇಕಾದ್ದು ಸೇರಿಸಿ ಬರಿ."

ಪೆನ್ನು ತೆರೆದೆ. ಕಣ್ಣು ಮಂಜಾಗಿತ್ತು, ಗೆರೆ ಸರಿಯಾಗಿ ಕಾಣಲಿಲ್ಲ. ಅವರ ಹೆಸರಿನ ಪಕ್ಕದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ನನ್ನ ಹೆಸರು ಸೇರಿಸಿದೆ. ಆಮೇಲೆ ಮುನ್ನುಡಿ ತೆಗೆದು, ಯಾರನ್ನೂ ಕೇಳದೆ, ಇಸ್ತ್ರಿ ಪೆಟ್ಟಿಗೆಯನ್ನು ಹೊಡೆದುಹಾಕಿದೆ.