ನಾಲ್ಕು ಚಮಚ ಪಾಲಿಶ್ ಪುಡಿ

ಗಂಡ ಸತ್ತು ನಲವತ್ತೊಂದು ದಿನವಾದರೂ ಟೈಲರಮ್ಮ ಹಿಂದಿನ ಕೋಣೆಯ ಡ್ರಮ್ಮನ್ನು ನಿಲ್ಲಿಸಿರಲಿಲ್ಲ. ಡ್ರಮ್ಮೆಂದರೆ ಅಂಥ ದೊಡ್ಡದೇನಲ್ಲ, ಬಿಸ್ಕತ್ತಿನ ಡಬ್ಬದಷ್ಟು, ರಬ್ಬರಿನದು. ಒಳಗೆ ಕಲ್ಲು, ನೀರು, ಉಜ್ಜುವ ಪುಡಿ. ಪುಟ್ಟ ಮೋಟಾರು ಅದನ್ನು ಬಿಡದೆ ಉರುಳಿಸುತ್ತದೆ, ಕಲ್ಲಿಗೆ ಕಲ್ಲು ಉಜ್ಜಿ ನುಣುಪಾಗುತ್ತದೆ. ಒರಟು ಪುಡಿಗೊಂದು ವಾರ, ಮಧ್ಯಮಕ್ಕೊಂದು ವಾರ, ನುಣ್ಣನೆಯದಕ್ಕೊಂದು ವಾರ, ಕೊನೆಯಲ್ಲಿ ಹೊಳಪಿಗೆ ಪಾಲಿಶ್ ಪುಡಿ. ಆ ಪುಣ್ಯಾತ್ಮ ಮೂರನೆಯ ವಾರ ಶುರುಮಾಡಿ, ಸಂಜೆ ಹಾಲು ತರಲು ಹೋದವನು ದಾರಿಯಲ್ಲೇ ಕುಸಿದಿದ್ದ. ಹೊರಡುವಾಗ "ಬರ್ತೀನಿ ಕಣೇ" ಅಂದಿದ್ದ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಇವಳಿಗೆ "ಹೋಗಿ ಬನ್ನಿ" ಅನ್ನಲೂ ಪುರುಸೊತ್ತಿರಲಿಲ್ಲ.

ಡ್ರಮ್ಮಿನೊಳಗಿದ್ದದ್ದು ಅವಳದೇ ಹನ್ನೊಂದು ಕಲ್ಲು. ಮದುವೆಯಾದ ಹೊಸದರಲ್ಲಿ ಹೊಳೆದಂಡೆಯಲ್ಲಿ ತಾನೇ ಆರಿಸಿ ಅವನ ಕೈಗೆ ಕೊಟ್ಟದ್ದು. "ಕೈ ಪಳಗಲಿ, ಆಮೇಲೆ ನಿನ್ನವು" ಅಂತ ಇಪ್ಪತ್ತಾರು ವರ್ಷ ಸತಾಯಿಸಿದ ಮನುಷ್ಯ! ಊರವರ ಕಲ್ಲೆಲ್ಲ ಹೊಳೆದವು, ಹೆಂಡತಿಯವು ಕಪಾಟಿನಲ್ಲೇ ಧೂಳು ತಿಂದವು. ಕೊನೆಗೂ ಕೈ ಹಚ್ಚಿದ, ಅರ್ಧಕ್ಕೆ ಬಿಟ್ಟು ಹೋದ. ಸಿಟ್ಟು ಬರದೆ ಇರುತ್ತದೆಯೇ?

ಆದರೆ ಡ್ರಮ್ಮು ಗರಗರ ಅನ್ನುತ್ತಿದ್ದರೆ ಅವನು ಹಿಂದಿನ ಕೋಣೆಯಲ್ಲೇ ಇದ್ದಾನೆ ಅನಿಸುತ್ತಿತ್ತು. ಆ ಸದ್ದಿನೊಳಗೆ ಅವನ ಕೆಮ್ಮು ಕೇಳುತ್ತಿತ್ತು. ಸದ್ದು ಸಪ್ಪೆಯಾದಾಗಲೆಲ್ಲ ಅವಳೇ ಹೋಗಿ ನೀರು, ಅವನು ಡ್ರಮ್ಮಿನ ಪಕ್ಕದಲ್ಲೇ ಬಿಟ್ಟುಹೋಗಿದ್ದ ಡಬ್ಬಿಯ ನುಣ್ಣನೆಯ ಪುಡಿ ಸುರಿದು ಮುಚ್ಚಳ ಬಿಗಿಯುತ್ತಿದ್ದಳು. ಒಳಗೆ ಇಣುಕುವ ಧೈರ್ಯ ಮಾತ್ರ ಇರಲಿಲ್ಲ.

ಭಾನುವಾರ ಮಧ್ಯಾಹ್ನ ನಾದಿನಿ ಬಂದಳು. ಮಾತಿಗೆ ಮುಂಚೆ ಕೈ ಓಡುವ ಹೆಂಗಸು.

"ಅತ್ತಿಗೇ, ತಲೆ ನೆಟ್ಟಗಿದ್ಯಾ ನಿಮ್ಗೆ? ಇಷ್ಟು ದಿನ ತಿರುಗಿಸಿದ್ರೆ ಕಲ್ಲು ಉಳಿಯುತ್ತಾ?" ಅಂದವಳೇ ಪ್ಲಗ್ಗು ಕಿತ್ತಳು.

ಮನೆ ಗಪ್‌ಚಿಪ್ಪಾಯಿತು. ಅವನು ಕೂರುತ್ತಿದ್ದ ಸ್ಟೂಲು ಕಿರ್ ಅಂದಿತು, ಕೂತಿದ್ದವರು ಎದ್ದ ಹಾಗೆ.

"ಬಿಸಿಲಿಗೆ ಮರ ಸದ್ದು ಮಾಡುತ್ತೆ ಬಿಡಿ," ಅಂದಳು ನಾದಿನಿ. ಅಂದವಳ ಮುಖವೂ ಬಿಳುಚಿತ್ತು.

ಮುಚ್ಚಳ ತೆಗೆದರೆ, ಮೊಟ್ಟೆ ಗಾತ್ರವಿದ್ದ ಕಲ್ಲುಗಳು ಗೋಲಿಯಷ್ಟಾಗಿದ್ದವು. "ಅಯ್ಯೋ! ಅವರನ್ನ ಹಿಡಿದಿಟ್ಕೊಳ್ಳೋಕೆ ಹೋಗಿ ಇವನ್ನ ಸವೆಸಿಬಿಟ್ನಲ್ಲೇ," ಎಂದು ಟೈಲರಮ್ಮ ತಲೆ ಚಚ್ಚಿಕೊಂಡಳು.

"ಪೂರ್ತಿ ಸವೆದಿಲ್ವಲ್ಲ. ಪಾಲಿಶ್ ಹಾಕಿ ಮುಗಿಸೋಣ. ಯಾವ ಡಬ್ಬಿ?"

ಅದೇ ತಾನೆ ಪ್ರಶ್ನೆ! ಕಪಾಟಿನಲ್ಲಿ ಉಳಿದ ಮೂರು ಡಬ್ಬಿ, ಮೂರರಲ್ಲೂ ಬಿಳಿ ಪುಡಿ, ಒಂದಕ್ಕೂ ಚೀಟಿಯಿಲ್ಲ. ಕೇಳಿದರೆ "ನಂಗೆ ಗೊತ್ತಲ್ಲ" ಅನ್ನುತ್ತಿದ್ದ. ಪುಡಿ ತಪ್ಪಿದರೆ ಮೈತುಂಬ ಗೀರು ಬೀಳುತ್ತದೆ, ಮತ್ತೆ ಮೊದಲಿನಿಂದ ಉಜ್ಜಬೇಕು. ಇನ್ನೊಮ್ಮೆ ಉಜ್ಜಿಸಿಕೊಳ್ಳುವಷ್ಟು ಮೈ ಆ ಕಲ್ಲುಗಳಿಗೆ ಉಳಿದಿರಲಿಲ್ಲ.

ಅವನ ಪರೀಕ್ಷೆ ಅವಳಿಗೆ ಗೊತ್ತಿತ್ತು. ಎಡಗೈಯ ತೋರುಬೆರಳನ್ನು ಪುಡಿಗೊತ್ತಿ, ಮುಂದಿನ ಹಲ್ಲಿನ ನಡುವೆ ಅರೆದು ನೋಡುತ್ತಿದ್ದ. ಕರಕ್ ಅಂದರೆ ಅದು ಪಾಲಿಶ್ ಅಲ್ಲ. ಕೆಲಸ ಮುಗಿದ ಕಲ್ಲಿಗೆ ಹಾ ಎಂದು ಉಸಿರು ಬಿಟ್ಟು ಅದೇ ಬೆರಳನ್ನು ಒತ್ತುತ್ತಿದ್ದ. ಗುರುತು ಗೆರೆಗೆರೆಯಾಗಿ ಮೂಡಿದರೆ "ಪಾಸು!" ಗರಗಸ ತಾಗಿ ಓರೆಯಾಗಿ ಸೀಳಿದ್ದ ಬೆರಳದು. ಅವತ್ತು ಬಟ್ಟೆ ಕಟ್ಟಿದ್ದವಳೂ ಇವಳೇ.

ಮೊದಲ ಡಬ್ಬಿಯ ಪುಡಿ ಹಲ್ಲಿಗೆ ಕರಕ್ ಅಂದಿತು. ಎರಡನೆಯದೂ ಸಣ್ಣಗೆ ಕರಕ್ ಅಂದಿತು. ಮೂರನೆಯದನ್ನು ತೆರೆದವಳು ಹಾಗೇ ನಿಂತುಬಿಟ್ಟಳು. ತಳದಲ್ಲಿ ಒಂದಿಷ್ಟೇ ಪುಡಿ. ಅದರ ನಡುವೆ ಬೆರಳೊತ್ತಿದ ಕುಳಿ, ಕುಳಿಯೊಳಗೆ ಚರ್ಮದ ಒಂದೊಂದು ಗೆರೆಯೂ ಇತ್ತು, ಅಡ್ಡಕ್ಕೆ ಓರೆ ಸೀಳೂ ಇತ್ತು. ಅಷ್ಟು ನುಣ್ಣನೆಯ ಪುಡಿಗೆ ಬೇರೆ ಪರೀಕ್ಷೆ ಬೇಕಿರಲಿಲ್ಲ.

"ನಾಲ್ಕು ಚಮಚ ಬೇಕು, ಇರೋದೂ ಅಷ್ಟೇ," ಎಂದು ನಾದಿನಿ ಚಮಚ ಹಾಕಹೋದಳು.

"ಮುಟ್ಟಬೇಡ!"

ನಾದಿನಿ ಬಗ್ಗಿ ನೋಡಿದಳು. "ಅಣ್ಣಾ..." ಎಂದು ನೆಲದ ಮೇಲೆಯೇ ಕುಸಿದು ಕೂತಳು. ಅತ್ತು ಮುಗಿದ ಮೇಲೆ, "ಬೇರೆ ಪುಡಿ ತರಿಸೋಣ ಅತ್ತಿಗೆ. ಇದು ಹೀಗೇ ಇರ್ಲಿ," ಅಂದಳು.

ಟೈಲರಮ್ಮ ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಡ್ರಮ್ಮನ್ನೂ ಕಲ್ಲುಗಳನ್ನೂ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ತೊಳೆದಳು, ಹಿಂದಿನ ಪುಡಿಯ ಒಂದು ಕಣವೂ ಉಳಿಯದ ಹಾಗೆ. ಆಮೇಲೆ, "ಇಟ್ಕೊಂಡು ಇಟ್ಕೊಂಡೇ ಕಲ್ಲಿಗೆ ಈ ಗತಿ ಬಂತು. ಇದನ್ನ ಅವರು ನನ್ನ ಕಲ್ಲಿಗೇ ಅಂತ ನೋಡಿಟ್ಟಿದ್ದು ಕಣೇ," ಅಂದಳು. ಆ ಕುಳಿಯಲ್ಲಿ ಒಮ್ಮೆ ತನ್ನ ಬೆರಳಿಟ್ಟಳು. ಮರುಕ್ಷಣ ಡಬ್ಬಿ ಬಗ್ಗಿಸಿ ಪುಡಿಯನ್ನೆಲ್ಲ ಸುರಿದೇಬಿಟ್ಟಳು.

ಆ ವಾರ ಡ್ರಮ್ಮಿನ ಸದ್ದಿನಲ್ಲಿ ಕೆಮ್ಮು ಕೇಳಲಿಲ್ಲ. ಎಂಟನೆಯ ಬೆಳಿಗ್ಗೆ ಪ್ಲಗ್ಗನ್ನು ಅವಳೇ ಕಿತ್ತಳು. ಕಲ್ಲುಗಳನ್ನು ತೊಳೆದು, ಒರೆಸಿ, ಕೋಟಿನ ಕಪ್ಪು ಬಟ್ಟೆಯ ತುಂಡಿನ ಮೇಲೆ ಸಾಲಾಗಿ ಇಟ್ಟಳು. ಹನ್ನೊಂದರಲ್ಲೂ ಕಿಟಕಿಯ ಬೆಳಕು ಕೂತಿತ್ತು. ಒಂದು ಗೀರಿಲ್ಲ! ಒದ್ದೆ ಬಟ್ಟೆ ಹಿಂಡಿ ಈ ಕಡೆ ತಿರುಗಿದರೆ, ಎಲ್ಲಕ್ಕಿಂತ ಪುಟ್ಟ ಕಲ್ಲಿನ ಮೇಲೆ ಉಸಿರಿನ ಮಂಜು ಕವಿದಿತ್ತು. ಮಂಜಿನಲ್ಲಿ ಬೆರಳ ಗುರುತು, ಅಡ್ಡಕ್ಕೊಂದು ಓರೆ ಗೆರೆ.

ಬಾಗಿಲು ಹಾಕಿತ್ತು. ಮನೆಯಲ್ಲಿ ಅವಳೊಬ್ಬಳೇ.

"ಪಾಸಾ ರೀ?" ಅಂದಳು.

ಬೆನ್ನ ಹಿಂದೆ ಸ್ಟೂಲು ಕಿರ್ ಅಂದಿತು. ಅವಳು ತಿರುಗಲಿಲ್ಲ, ಕಲ್ಲನ್ನು ಒರೆಸಲೂ ಇಲ್ಲ. ಮಂಜು ಅಂಚಿನಿಂದ ತಾನಾಗಿ ಆರುತ್ತಾ ಬಂತು. ಓರೆ ಗೆರೆಯಷ್ಟೇ ಉಳಿದಾಗ, ಅವತ್ತು ಹೇಳದೆ ಬಿಟ್ಟಿದ್ದ ಮಾತು ಬಾಯಿಗೆ ಬಂತು.

"ಹೋಗಿ ಬ..." ಎಂದವಳು ತಡೆದಳು. ಬನ್ನಿ ಅಂದರೆ ಆ ಹಟಮಾರಿ ಮನುಷ್ಯ ಬಂದೇ ಬರುತ್ತಾನೆ.

"ಹೋಗಿ," ಅಂದಳು.