ಕಟ್ಟದ ತೆರಿಗೆಯ ಅಳಲು

ಸೂಪರ್‌ವೈಸರ್ ತಾನೇ ಕುರ್ಚಿ ಎಳೆದು "ಕೂತ್ಕೊಳ್ಳಮ್ಮ" ಎಂದಾಗಲೇ ಅಕ್ಕನ ಕಿವಿ ನೆಟ್ಟಗಾಯಿತು. ಈ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಶರ್ಟುಗಳಿಗೆ ಗುಂಡಿ ಹಾಕುತ್ತಲೇ ಕಣ್ಣು ಸವೆಸಿದ್ದ ಅವಳು ನೀರಿಗೆಂದು ಎದ್ದರೂ ಮುಖ ಸಿಂಡರಿಸುವ ಮನುಷ್ಯ ಇವನು.

"ನಾಳೆ ಟೀವಿಯವ್ರು ಬರ್ತಾರೆ. ಆದಾಯ ತೆರಿಗೆ ಕಿತ್ತುಹಾಕಿ, ಕೊಳ್ಳೋ ಸಾಮಾನಿನ ಮೇಲೆ ಒಂದೇ ತೆರಿಗೆ ಹಾಕ್ಬೇಕು ಅಂತ ನಮ್ಮ ಯಜಮಾನ್ರ ವಾದ. ಸರಳ ನೋಡು. ನೀನು ಎದ್ದು 'ಆದಾಯ ತೆರಿಗೆ ಕಟ್ಟಿ ಕಟ್ಟಿ ಸಾಕಾಗಿದೆ' ಅಂದ್ರೆ ಮುಗೀತು."

"ನಾನ್ಯಾವತ್ತು ಕಟ್ಟಿದೀನಿ ಸಾರ್? ಕಟ್ಟೋವಷ್ಟು ಸಂಬಳ ನೀವು ಕೊಟ್ರೆ ತಾನೇ?"

ಅವನು ಹಲ್ಲು ಗಿಂಜಿದ. "ನಿನ್ನ ತಂಗೀನ ಖಾಯಂ ಮಾಡೋ ವಿಷ್ಯ ನನ್ನ ಕೈಲೇ ಇದೆಯಮ್ಮ."

ಓಹೋ, ಕುರ್ಚಿ ಬಂದದ್ದು ಇದಕ್ಕೆ.

ಸರಳವಂತೆ! ಯಾರಿಗೆ? ಯಜಮಾನರೇನು ಹತ್ತು ಹೊಟ್ಟೆಗೆ ಉಣ್ಣುತ್ತಾರೆಯೇ? ಉಂಡು ಉಳಿದದ್ದು ತೆರಿಗೆಯ ಕಣ್ಣಿಗೆ ಬೀಳದೆ ತಿಜೋರಿಯಲ್ಲಿ ಹಾಯಾಗಿ ಮಲಗುತ್ತದೆ. ಅಕ್ಕನ ಸಂಬಳವೋ ಸೋಪು, ಎಣ್ಣೆ, ಅಮ್ಮನ ಮಾತ್ರೆ ಎಂದು ಪೂರ್ತಿ ಅಂಗಡಿಯ ಪಾಲು, ಅಷ್ಟಕ್ಕೂ ತೆರಿಗೆ. ಆದರೆ ತಂಗಿ ಇನ್ನೂ ತರಬೇತಿಯವಳು. ಯಾವ ಸಂಜೆಯಾದರೂ 'ನಾಳೆಯಿಂದ ಬೇಡ' ಎನ್ನಬಹುದು. ಅಕ್ಕ ತಲೆಯಾಡಿಸಿದಳು.

ಮರುದಿನ ಬಟ್ಟೆ ಕತ್ತರಿಸುವ ಮೇಜುಗಳನ್ನು ಬದಿಗೊತ್ತಿ ಹೆಂಗಸರನ್ನು ಸಾಲಾಗಿ ಕೂರಿಸಿದ್ದರು. "ಬಡವರ ಕೂಗೂ ಇದೇ," ಎಂದರು ಯಜಮಾನರು. ಮೈಕು ಅಕ್ಕನ ಬಾಯಿಯ ಮುಂದೆ ಬಂತು.

ಅವಳು ಎದ್ದು ನಿಂತಳು. "ಆದಾಯ ತೆರಿಗೆ ಕಟ್ಟಿ ಕಟ್ಟಿ ಸಾಕಾಗಿದೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಯಾವ ಬಂಗ್ಲೆ ಮಾರಿ ಕಟ್ದೆ ಅಕ್ಕಾ?" ಎಂದಳು ಇಸ್ತ್ರಿಯವಳು. ಅಷ್ಟೇ, ಹಾಲ್‌ಗೆ ಹಾಲೇ ಹೊಟ್ಟೆ ಹಿಡಿದುಕೊಂಡಿತು.

ಮೊದಲು ನಕ್ಕವರು ಯಾರೆಂದು ಅಕ್ಕ ತಿರುಗಿ ನೋಡಬೇಕಿರಲಿಲ್ಲ. ತೊಟ್ಟಿಲಿನಿಂದ ಕೇಳಿದ ನಗು ಅದು. ಸೂಪರ್‌ವೈಸರನ ಕಣ್ಣೂ ತಂಗಿಯ ಮೇಲೆಯೇ ನೆಟ್ಟಿತ್ತು.

"ತಡ್ಕೊಳ್ಳೋಕೆ ಆಗ್ಲಿಲ್ಲ ಕಣೇ," ಎಂದಳು ತಂಗಿ, ಸಂಜೆ ಲೆಕ್ಕ ಚುಕ್ತಾ ಮಾಡಿಸಿಕೊಂಡು ಗೇಟಿನಾಚೆ ನಿಂತು.

ರಾತ್ರಿ ಟೀವಿಯಲ್ಲಿ ಅಕ್ಕನ ಮಾತು ಚಾಚೂ ತಪ್ಪದೆ ಬಂತು. ನಗು ಇರಲಿಲ್ಲ. ಅದರ ಜಾಗದಲ್ಲಿ ಜೋರು ಚಪ್ಪಾಳೆ. ಯಾರ ಕೈಗಳವು? ಅಲ್ಲಿ ಒಬ್ಬರೂ ತಟ್ಟಿರಲಿಲ್ಲ.

ಬೆಳಿಗ್ಗೆ ಸೂಪರ್‌ವೈಸರ್ ಎದೆಯುಬ್ಬಿಸಿ ಒಳಬಂದ. "ಟೀವೀಲಿ ಎಷ್ಟು ಚೆನ್ನಾಗಿ ಬಂತು, ನೋಡಿದ್ರಾ?"

ಯಂತ್ರಗಳು ಒಂದೊಂದಾಗಿ ನಿಂತವು. ತಂಗಿಯ ಸ್ಟೂಲು ಖಾಲಿಯಿತ್ತು.

ಈ ಸಲ ಮೊದಲು ನಕ್ಕವಳು ಅಕ್ಕ.